ರಟ್ಟಿನಲ್ಲಿ ಆರು ಚಕ್ರದ ಟೈರಲ್

ರಟ್ಟಿನಲ್ಲಿ ರೇಸ್ ಕಾರು ಮಾಡಲು ಹೊರಟವರು ಮೊದಲು ಕಾರನ್ನು ಸರಿಯಾಗಿ ಆರಿಸಿಕೊಳ್ಳಬೇಕು. ಇವತ್ತಿನ ಫಾರ್ಮುಲಾ ಒನ್ ಕಾರಿನ ಮೈ ನೋಡಿ. ಎಲ್ಲಿ ಮುಟ್ಟಿದರೂ ಎರಡೂ ದಿಕ್ಕಿಗೆ ಬಾಗಿರುತ್ತದೆ. ರಟ್ಟು ಹಾಗೆ ಬಾಗುವುದಿಲ್ಲ. ಅದು ಒಂದು ಸಲಕ್ಕೆ ಒಂದೇ ದಿಕ್ಕಿಗೆ ಬಾಗುತ್ತದೆ, ಅಷ್ಟೇ.

1981ರಲ್ಲಿ ಮೆಕ್‌ಲಾರೆನ್ ತಂಡ ಎಂಪಿ4/1 ಎಂಬ ಕಾರನ್ನು ತಂದಿತು. ಫಾರ್ಮುಲಾ ಒನ್‌ನಲ್ಲಿ ಕಾರ್ಬನ್ ಫೈಬರ್ ಒಡಲಿನ ಮೊದಲ ಕಾರು ಅದು. ಅದಕ್ಕೂ ಮುಂಚಿನ ಹೆಚ್ಚಿನ ಕಾರುಗಳ ಒಡಲು ತಯಾರಾಗುತ್ತಿದ್ದದ್ದು ಅಲ್ಯೂಮಿನಿಯಂ ಶೀಟಿನಿಂದ. ಶೀಟ್ ಕತ್ತರಿಸುವುದು, ಮಡಚುವುದು, ರಿವೆಟ್ ಹೊಡೆಯುವುದು. ನಾವು ರಟ್ಟಿನಲ್ಲಿ ಮಾಡುವುದೂ ಹೆಚ್ಚು ಕಡಿಮೆ ಅದೇ ಕೆಲಸ ಅಲ್ವಾ? ರಿವೆಟ್ ಬದಲು ಫೆವಿಕಾಲ್. ಹಾಗಾಗಿ 1970ರ ದಶಕದ ಕಾರುಗಳು ರಟ್ಟಿಗೆ ಹೇಳಿ ಮಾಡಿಸಿದಂಥವು. ಅವುಗಳಲ್ಲಿ ನಾನು ಹಿಡಿದದ್ದು ಟೈರಲ್ ತಂಡದ ಪಿ34. ಮುಂದೆ ನಾಲ್ಕು, ಹಿಂದೆ ಎರಡು, ಒಟ್ಟು ಆರು ಚಕ್ರದ ಕಾರು.

ಆರು ಚಕ್ರ ಯಾಕೆ ಅಂತ ತಿಳಿದುಕೊಂಡರೆ ಮಾಡೆಲ್ ಮಾಡುವುದು ಸುಲಭ. ಆಗಿನ ನಿಯಮದ ಪ್ರಕಾರ ಕಾರಿನ ಮೂಗು 1.5 ಮೀಟರಿಗಿಂತ ಅಗಲ ಇರುವಂತಿರಲಿಲ್ಲ. ಮಾಮೂಲಿ ಮುಂದಿನ ಟೈರುಗಳು ಆ ಮೂಗಿನ ಮೇಲೆ ಎದ್ದು ನಿಂತು ಗಾಳಿಗೆ ಅಡ್ಡ ಬರುತ್ತಿದ್ದವು. ವಿನ್ಯಾಸಕಾರ ಡೆರೆಕ್ ಗಾರ್ಡ್ನರ್ ಟೈರುಗಳನ್ನೇ ಚಿಕ್ಕದು ಮಾಡಿ ಮೂಗಿನ ಮರೆಗೆ ತಂದರು. ಗುಡ್‌ಇಯರ್ ಕಂಪನಿ ಇದಕ್ಕಾಗಿಯೇ 10 ಇಂಚಿನ ಟೈರು ಮಾಡಿಕೊಟ್ಟಿತು. ಚಿಕ್ಕ ಟೈರಿಗೆ ನೆಲದ ಹಿಡಿತ ಕಡಿಮೆ, ಅದಕ್ಕೇ ಎರಡರ ಬದಲು ನಾಲ್ಕು. 1976ರ ಜೂನ್ 13ರಂದು ಸ್ವೀಡನ್‌ನ ಆಂಡರ್ಸ್ಟಾರ್ಪ್‌ನಲ್ಲಿ ಜೋಡಿ ಶೆಕ್ಟರ್ ಈ ಕಾರಿನಲ್ಲಿ ಗೆದ್ದರು. ಅದೇ ತಂಡದ ಪ್ಯಾಟ್ರಿಕ್ ಡೆಪಯೇ ಎರಡನೆಯವರು. ಆರು ಚಕ್ರದ ಕಾರು ಫಾರ್ಮುಲಾ ಒನ್ ರೇಸ್ ಗೆದ್ದದ್ದು ಅದೊಂದೇ ಸಲ. ನನ್ನ ಮಾಡೆಲ್ ಶೆಕ್ಟರ್ ಅವರ 3ನೇ ನಂಬರಿನ ಕಾರು.

ಅಳತೆಗೆ 1:12 ಇಟ್ಟುಕೊಂಡೆ. ಅಂದರೆ ನಿಜವಾದ ಕಾರಿನ 12 ಮಿಲಿಮೀಟರಿಗೆ ನಮ್ಮದು 1 ಮಿಲಿಮೀಟರ್. ಇದಕ್ಕಿಂತ ಚಿಕ್ಕದಾದರೆ ರಟ್ಟಿನ ದಪ್ಪವೇ ಕಣ್ಣಿಗೆ ಹೊಡೆಯುತ್ತದೆ. ಮೊದಲ ಅಚ್ಚಿನಿಂದ ಹಿಂದಿನ ಅಚ್ಚಿಗೆ ನಿಜವಾದ ಕಾರಿನಲ್ಲಿ ಸುಮಾರು 2.45 ಮೀಟರ್, ಮಾಡೆಲ್‌ನಲ್ಲಿ 204 ಮಿ.ಮೀ. ಮೂಗಿನ ಅಗಲ 125 ಮಿ.ಮೀ. ಉಳಿದದ್ದನ್ನೆಲ್ಲ ಫೋಟೋ ನೋಡಿ ಲೆಕ್ಕ ಹಾಕಿದೆ. ಅದಕ್ಕೆ ದೂರದಿಂದ, ನೇರ ಪಕ್ಕದಿಂದ ತೆಗೆದ ಫೋಟೋ ಬೇಕು. ಹತ್ತಿರದಿಂದ ತೆಗೆದದ್ದರಲ್ಲಿ ಕ್ಯಾಮೆರಾಗೆ ಹತ್ತಿರದ ಚಕ್ರ ದಪ್ಪ, ದೂರದ್ದು ಸಣ್ಣ ಕಾಣುತ್ತದೆ. ಇನ್ನೊಂದು ಮಾತು. ಹಿಂದಿನದು 13 ಇಂಚಿನ ಚಕ್ರ ಅಂದರೆ ಅದು ಟೈರು ಕೂರುವ ಜಾಗದ ಅಳತೆ. ಕಣ್ಣಿಗೆ ಕಾಣುವ ರಿಮ್ಮಿನ ಅಂಚು ಅದಕ್ಕಿಂತ ದೊಡ್ಡದು. ರಿಮ್ ಹಿಡಿದು ಲೆಕ್ಕ ಹಾಕಿದರೆ ಇಡೀ ಕಾರು ಸಣ್ಣದಾಗುತ್ತದೆ. ಅದಕ್ಕೆ ಅಚ್ಚಿನಿಂದ ಅಚ್ಚಿಗೆ ಇರುವ ದೂರವನ್ನೇ ಆಧಾರ ಮಾಡಿಕೊಳ್ಳಿ.

ರಟ್ಟಿಗೆ ನಾನು ಅಂಗಡಿ ಅಂಗಡಿ ಅಲೆಯಲಿಲ್ಲ. ನಮ್ಮೂರಿನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮದುವೆ ಕಾರ್ಡು ಕತ್ತರಿಸಿ ಉಳಿದ ತುಂಡುಗಳು ರಾಶಿ ಬಿದ್ದಿರುತ್ತವೆ. ಕೇಳಿದರೆ "ತಗೊಂಡ್ ಹೋಗಿ ಸಾರ್, ಹೆಂಗೂ ರದ್ದಿಗೆ ಹೋಗೋದು" ಅಂದರು. ಮೇಲ್ಮೈಗೆ ಆ ಕಾರ್ಡು ಬಹಳ ಒಳ್ಳೆಯದು. ಒಳಗಿನ ಅಸ್ಥಿಪಂಜರಕ್ಕೆ ಪುಸ್ತಕ ಬೈಂಡಿಂಗಿನ 1 ಮಿ.ಮೀ. ರಟ್ಟು. ಟೈರಿಗೆ ಡ್ರಾಯಿಂಗ್ ಶೀಟ್. ಟಿವಿ, ಫ್ರಿಜ್ ಪೆಟ್ಟಿಗೆಯ ಅಲೆಅಲೆ ರಟ್ಟನ್ನು ಈ ಅಳತೆಯ ಮಾಡೆಲ್‌ಗೆ ಮುಟ್ಟಬೇಡಿ. ಅದರ ಅಂಚು ಯಾವತ್ತೂ ನುಣ್ಣಗಾಗುವುದಿಲ್ಲ.

ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆ. ಯಂತ್ರದಲ್ಲಿ ಕಾಗದ ತಯಾರಾಗುವಾಗ ಹೆಚ್ಚಿನ ನಾರುಗಳು ಅದು ಓಡುವ ದಿಕ್ಕಿಗೇ ಮಲಗುತ್ತವೆ. ಒಂದು ಚೌಕದ ತುಂಡು ತೆಗೆದುಕೊಂಡು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ. ಒಂದು ಕಡೆ ಸಲೀಸಾಗಿ ಬಾಗುತ್ತದೆ, ಇನ್ನೊಂದು ಕಡೆ ಎದುರು ನಿಲ್ಲುತ್ತದೆ. ಸಲೀಸಾಗಿ ಸುರುಳಿಯಾದಾಗ ನಾರು ಆ ಸುರುಳಿಯ ಉದ್ದಕ್ಕೂ ಮಲಗಿರುತ್ತದೆ. ಇದನ್ನು ಪ್ರತಿ ಹಾಳೆಯ ಮೇಲೂ ಪೆನ್ಸಿಲ್‌ನಲ್ಲಿ ಬಾಣದ ಗುರುತು ಹಾಕಿ ಇಟ್ಟುಕೊಳ್ಳುತ್ತೇನೆ. ಮಲೆನಾಡಿನವರಿಗೆ ಇದು ಇನ್ನೂ ಮುಖ್ಯ. ಮಳೆಗಾಲದಲ್ಲಿ ತೇವ ಹೀರಿದ ಕಾಗದ ನಾರಿನ ಉದ್ದಕ್ಕಿಂತ ಅಡ್ಡಕ್ಕೆ ಜಾಸ್ತಿ ಹಿಗ್ಗುತ್ತದೆ. ಒಡಲಿನ ಎಡಬಲ ಗೋಡೆಗಳಲ್ಲಿ ನಾರು ಬೇರೆ ಬೇರೆ ದಿಕ್ಕಿಗಿದ್ದರೆ ಜುಲೈ ಹೊತ್ತಿಗೆ ಕಾರು ತಿರುಚಿಕೊಳ್ಳುತ್ತದೆ.

ಒಡಲಿಗೆ ಮೊದಲು ಅಡ್ಡಗೋಡೆಗಳನ್ನು ಕತ್ತರಿಸಿದೆ. ಕಾಲಿನ ಜಾಗದ ಮುಂದೆ ಒಂದು, ಸ್ಟೀರಿಂಗ್ ಹತ್ತಿರ ಒಂದು, ಸೀಟಿನ ಹಿಂದೆ ಒಂದು. ಇವನ್ನು ನೆಲದ ಹಲಗೆಗೆ ಮೂಲೆಮಟ್ಟ ಹಿಡಿದು ಅಂಟಿಸಿ, ಒಂದು ರಾತ್ರಿ ಒಣಗಲು ಬಿಟ್ಟೆ. ಆಮೇಲೆ ಪಕ್ಕದ ಹೊದಿಕೆ. ಮೂಲೆಯಲ್ಲಿ ಎರಡು ರಟ್ಟು ಸೇರುವ ಕಡೆ ಒಂದರ ಅಳತೆಯಲ್ಲಿ ಇನ್ನೊಂದರ ದಪ್ಪವನ್ನು ಕಳೆಯಲೇಬೇಕು. 1 ಮಿ.ಮೀ. ಅಂದರೆ ನಿಜವಾದ ಕಾರಿನಲ್ಲಿ 12 ಮಿ.ಮೀ. ಎರಡೂ ಬದಿ ಸೇರಿದರೆ 24. ಅಷ್ಟಾದರೆ ಕಾರು ಊದಿಕೊಂಡಂತೆ ಕಾಣುತ್ತದೆ. ಮಡಚುವ ಗೆರೆಯ ಮೇಲೆ ಹೊರಗಡೆಯಿಂದ ಕಟ್ಟರ್‌ನಲ್ಲಿ ಮೂರನೇ ಒಂದು ಭಾಗದಷ್ಟು ಆಳಕ್ಕೆ ಗೀರಿದರೆ ಮಡಿಕೆ ಚೂಪಾಗಿ ಬರುತ್ತದೆ. ಬ್ಲೇಡ್ ತುದಿಯನ್ನು ಆಗಾಗ ಮುರಿದು ಹೊಸ ಮೊನೆ ತೆಗೆಯಿರಿ, ಇದರಲ್ಲಿ ಜಿಪುಣತನ ಬೇಡ.

ಮೂಗಿನ ಮುಂದಿನ ಅಂಚು ಮಾತ್ರ ಎರಡೂ ದಿಕ್ಕಿಗೆ ದುಂಡಗಿದೆ. ಅಲ್ಲಿ ಕಾರ್ಡನ್ನು ಕಿರಿದಾದ ಎಸಳುಗಳಾಗಿ ಸೀಳಿ, ಒಳಗಿನ ಪಕ್ಕೆಲುಬುಗಳ ಮೇಲೆ ಪಕ್ಕಪಕ್ಕ ಅಂಟಿಸಿದೆ. ಸಂದಿಗೆ ನ್ಯೂಸ್‌ಪೇಪರ್ ಅರೆದು ಫೆವಿಕಾಲ್ ಕಲಸಿದ ಹಿಟ್ಟು. ಪೂರ್ತಿ ಒಣಗಿದ ಮೇಲೆ ಸ್ಯಾಂಡ್ ಪೇಪರ್. ಚಾಲಕನ ಅಕ್ಕಪಕ್ಕದ ಹೊದಿಕೆಯಲ್ಲಿ ಪುಟ್ಟ ಕಿಟಕಿಗಳಿವೆ. ಕೂತಲ್ಲಿಂದಲೇ ಮುಂದಿನ ಟೈರುಗಳು ಕಾಣಲಿ ಅಂತ ಟೈರಲ್ ತಂಡ ಇಟ್ಟದ್ದು. ಹೊಸ ಶರ್ಟಿನ ಬಾಕ್ಸಿನ ಪಾರದರ್ಶಕ ಪ್ಲಾಸ್ಟಿಕ್ ಅಲ್ಲಿಗೆ ಸರಿಹೋಯಿತು. ಆ ಕಿಟಕಿ ಕೂತ ಕ್ಷಣದಿಂದ ಇದು ಪಿ34 ಅಂತ ಯಾರಿಗೂ ಹೇಳಬೇಕಾಗಲಿಲ್ಲ, ನನಗೆ ಅಷ್ಟು ಖುಷಿ ಕೊಟ್ಟ ಭಾಗ ಬೇರೆ ಇಲ್ಲ.

ಈಗ ಟೈರು. ಅರ್ಧ ಕೆಲಸ ಇಲ್ಲೇ ಇದೆ. ವೃತ್ತಗಳನ್ನು ಕತ್ತರಿಸಿ ಒಂದರ ಮೇಲೊಂದು ಅಂಟಿಸುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಓಡುವ ಮೈಯಲ್ಲಿ ಪದರದ ಗೆರೆಗಳು ಕಾಣುತ್ತವೆ. ಬದಲಿಗೆ ಟೈರಿನ ಅಗಲದ ಪಟ್ಟಿ ಕತ್ತರಿಸಿ ರಿಮ್ಮಿನ ಕೊಳವೆಗೆ ಸುತ್ತುತ್ತೇನೆ. ಹಿಂದಿನ ಟೈರಿಗೆ ನಾನು ಇಟ್ಟ ಹೊರಗಿನ ಅಳತೆ 55 ಮಿ.ಮೀ., ಒಳಗಿನದು 27.5. ಡ್ರಾಯಿಂಗ್ ಶೀಟ್ ದಪ್ಪ 0.3 ಮಿ.ಮೀ. ಅಂತ ಹಿಡಿದರೆ ಒಂದು ಟೈರಿಗೆ ಸುಮಾರು 6 ಮೀಟರ್ ಪಟ್ಟಿ ಬೇಕು. ಮುಂದಿನ ಒಂದೊಂದಕ್ಕೆ 2 ಮೀಟರಿಗೆ ಸ್ವಲ್ಪ ಕಡಿಮೆ. ಪಟ್ಟಿಯಲ್ಲಿ ನಾರು ಅಡ್ಡಕ್ಕೆ ಇರುವಂತೆ ಕತ್ತರಿಸಿ, ಆಗ ಅದು ಜಗ್ಗದೆ ಸುತ್ತಿಕೊಳ್ಳುತ್ತದೆ. ಫೆವಿಕಾಲ್ ತೆಳ್ಳಗೆ ಹಚ್ಚಿ, ಸುತ್ತುವಾಗ ಎಳೆತ ಒಂದೇ ಸಮ ಇರಲಿ. ಒಣಗಿದ ಮೇಲೆ ಸುರುಳಿ ಮರದ ಹಾಗೆ ಗಟ್ಟಿಯಾಗುತ್ತದೆ. ಅದನ್ನು ಡ್ರಿಲ್ ಮೆಷಿನ್ನಿಗೆ ಸಿಕ್ಕಿಸಿ ನಿಧಾನ ತಿರುಗಿಸುತ್ತಾ ಸ್ಯಾಂಡ್ ಪೇಪರ್ ಹಿಡಿದರೆ ಟೈರಿನ ಅಂಚಿನ ದುಂಡು ತಾನಾಗಿ ಬರುತ್ತದೆ. ಕನ್ನಡಕ, ಮಾಸ್ಕ್ ಹಾಕಿಕೊಳ್ಳಿ, ಧೂಳು ತುಂಬಾ.

ಮುಂದಿನ ನಾಲ್ಕರಲ್ಲಿ ಒಂದು ಎಚ್ಚರ ಬೇಕು. ಎರಡು ಮುಂದಿನ ಅಚ್ಚುಗಳ ನಡುವೆ ಮಾಡೆಲ್‌ನಲ್ಲಿ 38 ಮಿ.ಮೀ. ಮಾತ್ರ ಜಾಗ. ಟೈರು 34. ನಡುವಿನ ಸಂದು 4 ಮಿ.ಮೀ. ಒಂದು ಸುತ್ತು ಜಾಸ್ತಿಯಾದರೂ ಸಂದು ಕಡಿಮೆಯಾಗುತ್ತದೆ, ಹಾಗಾಗಿ ನಾಲ್ಕನ್ನೂ ಒಂದೇ ಅಳತೆಗೆ ಉಜ್ಜಿದ ಮೇಲೆಯೇ ಕೂರಿಸಬೇಕು. ಆರು ಚಕ್ರವೂ ನೆಲ ಮುಟ್ಟಬೇಕಲ್ಲ, ಅದಕ್ಕೆ ಒಂದು ದಪ್ಪ ಗಾಜಿನ ಮೇಲೆ ಕಾರು ನಿಲ್ಲಿಸಿದೆ. ಮೊದಲು ಹಿಂದಿನ ಎರಡು ಮತ್ತು ತೀರಾ ಮುಂದಿನ ಎರಡು ಚಕ್ರ ಅಂಟಿಸಿ ಒಣಗಿಸಿದೆ. ಆಮೇಲೆ ನಡುವಿನ ಜೋಡಿಯನ್ನು ಗಾಜಿಗೆ ತಾಗುವಷ್ಟು ಇಳಿಸಿ ಅಂಟು ಬಿಟ್ಟೆ. ಚಕ್ರದ ಕೆಳಗೆ ಕಾಗದ ತೂರಿಸಿ ನೋಡಿದರೆ ತಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಎಂಜಿನ್ ಫೋರ್ಡ್ ಕಾಸ್‌ವರ್ತ್ ಡಿಎಫ್‌ವಿ, 3 ಲೀಟರಿನ ವಿ8, ಅಂದರೆ ಎಂಟು ಸಿಲಿಂಡರಿನದು. ನಿಜವಾದ ಕಾರಿನಲ್ಲಿ ಒಡಲು ಸೀಟಿನ ಹಿಂದೆಯೇ ಮುಗಿದುಹೋಗುತ್ತದೆ. ಎಂಜಿನ್ನನ್ನು ನೇರ ಅದಕ್ಕೆ ಬೋಲ್ಟ್ ಮಾಡಿರುತ್ತಾರೆ. ಹಿಂದಿನ ಚಕ್ರಗಳ ಭಾರವನ್ನು ಎಂಜಿನ್ ಮತ್ತು ಗೇರ್‌ಬಾಕ್ಸೇ ಹೊರುತ್ತವೆ. ನಾನೂ ಹಾಗೇ ಮಾಡಿದೆ. ಬೈಂಡಿಂಗ್ ರಟ್ಟಿನ ಗಟ್ಟಿ ಪೆಟ್ಟಿಗೆಯೇ ಎಂಜಿನ್, ಹಿಂದಿನ ಅಚ್ಚು ಅದರ ಬೆನ್ನಿಗೆ. ಗಾಳಿ ಎಳೆಯುವ ಎಂಟು ಕಹಳೆಗಳಿಗೆ ಕಾಗದದ ಸುರುಳಿ. ಒಂದೊಂದು ಬದಿಯಲ್ಲಿ ನಾಲ್ಕು ಸೈಲೆನ್ಸರ್ ಪೈಪು ಸೇರಿ ಒಂದಾಗುತ್ತವೆ. ಅದಕ್ಕೆ ದಪ್ಪ ಕರೆಂಟ್ ವೈರು ಬಳಸಿದೆ. ಎಲ್ಲವೂ ರಟ್ಟೇ ಆಗಬೇಕು ಅನ್ನುವ ಹಟ ನನಗಿಲ್ಲ.

ಬಣ್ಣಕ್ಕೆ ಮುಂಚೆ ವಾರ್ನಿಷ್ ಹೊಡೆಯಲೇಬೇಕು, ಒಳಗೂ ಹೊರಗೂ. ಇಲ್ಲವಾದರೆ ಬಣ್ಣದ ತೇವಕ್ಕೆ ಕಾರ್ಡಿನ ನಾರು ಎದ್ದು ಮೇಲ್ಮೈ ಒರಟಾಗುತ್ತದೆ. ಆಮೇಲೆ ಕಡು ನೀಲಿ, ತೆಳುವಾಗಿ ಹಲವು ಸುತ್ತು.

ಈ ಎಂಜಿನ್ನಿನ ನಕ್ಷೆಗಳನ್ನು ಎಸೆಯದೆ ಇಟ್ಟಿದ್ದೇನೆ. ಇದೇ ಡಿಎಫ್‌ವಿ 1967ರಲ್ಲಿ ಹಾಲೆಂಡಿನ ಜಾಂಡ್‌ವೋರ್ಟ್‌ನಲ್ಲಿ ಮೊದಲ ಸಲ ಓಡಿತ್ತು, ಲೋಟಸ್ 49 ಕಾರಿನಲ್ಲಿ. ಅವತ್ತೇ ಜಿಮ್ ಕ್ಲಾರ್ಕ್ ಗೆದ್ದರು. ಆ ಕಾರಿನ ಮೈ ಉದ್ದನೆಯ ಕೊಳವೆ, ಹೆಚ್ಚಿನ ಕಡೆ ಒಂದೇ ದಿಕ್ಕಿಗೆ ಬಾಗುತ್ತದೆ. ಮುಂದಿನ ಕೆಲಸ ಅದೇ, ಕಾರ್ಡಿನ ಮೇಲೆ ಬಾಣದ ಗುರುತು ಹಾಕಿ ಆಗಿದೆ.