ಪ್ರೊಸೆಸರ್ ಬದಲಿಸಿದೆ, ಜರ್ಕ್ ಅರ್ಧ ಹೋಯಿತು

ನಮ್ಮ ಕಡೆ ಗೇಮ್ ಆಡುವ ಹುಡುಗರಿಗೆ ಎಲ್ಲದಕ್ಕೂ ಒಂದೇ ಹೆಸರು: ಲ್ಯಾಗ್. ನೆಟ್ ಸ್ಲೋ ಆದರೂ ಲ್ಯಾಗ್, ಚಿತ್ರ ಗಕ್ಕನೆ ನಿಂತು ಮುಂದೆ ಹಾರಿದರೂ ಲ್ಯಾಗ್, ಮೌಸಿನ ಸೆಲ್ ಮುಗಿದಿದ್ದರೂ ಲ್ಯಾಗ್. ನಾನೂ ಹಾಗೇ ಅನ್ನುತ್ತಿದ್ದೆ. ಅದೇ ಲೆಕ್ಕದಲ್ಲಿ ಹತ್ತು ಸಾವಿರ ಚಿಲ್ಲರೆ ಕೊಟ್ಟು ಹೊಸ ಪ್ರೊಸೆಸರ್ ತಂದೆ. ದುಡ್ಡು ದಂಡವಾಗಲಿಲ್ಲ. ಆದರೆ ಅಂದುಕೊಂಡಷ್ಟು ಕೆಲಸವೂ ಆಗಲಿಲ್ಲ.

ಮನೆ ಇರುವುದು ತೀರ್ಥಹಳ್ಳಿ ಹತ್ತಿರ, ತೋಟದ ನಡುವೆ. ಕಂಪ್ಯೂಟರ್ 2019ರಲ್ಲಿ ಶಿವಮೊಗ್ಗದಲ್ಲಿ ಜೋಡಿಸಿದ್ದು. ರೈಜನ್ 3 1200 ಪ್ರೊಸೆಸರ್, ಅಂದರೆ ಲೆಕ್ಕ ಮಾಡುವ ನಾಲ್ಕು ಕೋರ್, ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು (ಥ್ರೆಡ್) ನಾಲ್ಕೇ. ಬಿ450 ಮದರ್‌ಬೋರ್ಡ್. 8 ಜಿಬಿಯ ಒಂದೇ ಒಂದು ರ‍್ಯಾಮ್ ಸ್ಟಿಕ್. ಮರುವರ್ಷ ಅಡಿಕೆ ದುಡ್ಡು ಕೈಗೆ ಬಂದಾಗ ಅಪ್ಪಯ್ಯನನ್ನು ಕಾಡಿ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 1660 ಸೂಪರ್ ಹಾಕಿಸಿದೆ. ಕಾರ್ಡಿಗೇ ಎಲ್ಲ ಕೆಲಸ, ಪ್ರೊಸೆಸರ್ ಸುಮ್ನೆ ಜೊತೆಗಿರುತ್ತದೆ ಅಂದುಕೊಂಡಿದ್ದ ಕಾಲ ಅದು.

ತೊಂದರೆ ಶುರುವಾಗಿದ್ದು ಊರೆಲ್ಲ ಸುತ್ತುವ ಓಪನ್ ವರ್ಲ್ಡ್ ಆಟಗಳಲ್ಲಿ. ಹಳ್ಳಿ ರಸ್ತೆಯಲ್ಲಿ ಗಾಡಿ ಚೆನ್ನಾಗೇ ಓಡುತ್ತಿತ್ತು. ಸಿಟಿ ಒಳಗೆ ಹೊಕ್ಕ ಕೂಡಲೇ ಜರ್ಕ್. ತಮಾಷೆ ಅಂದರೆ ಮೂಲೆಯಲ್ಲಿ, ಸೆಕೆಂಡಿಗೆ ಎಷ್ಟು ಚಿತ್ರ (ಫ್ರೇಮ್) ಬರುತ್ತಿದೆ ಅಂತ ಹೇಳುವ ಎಫ್‌ಪಿಎಸ್ 70 ಅಂತಲೇ ತೋರಿಸುತ್ತಿತ್ತು. ಎಪ್ಪತ್ತು ಇದ್ದರೂ ಯಾಕೆ ಹೀಗೆ ಅಂತ ತಲೆ ಕೆಡಿಸಿಕೊಂಡಿದ್ದೆ.

ಇದು ನಮ್ಮ ಬಸ್ಸಿನ ಹಾಗೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್. ಒಂದೂವರೆ ಗಂಟೆ ಹಿಡಿದರೆ ಸರಾಸರಿ ವೇಗ ಗಂಟೆಗೆ 40. ಆದರೆ ಗಾಜನೂರಿನಲ್ಲಿ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿ, ನಿಮ್ಮ ಹಣೆ ಮುಂದಿನ ಸೀಟಿನ ಕಂಬಿಗೆ ಬಡಿದಾಗ ಆ 40 ಯಾವ ಸಮಾಧಾನ ಕೊಡುತ್ತೆ? ಆಟದಲ್ಲೂ ಅಷ್ಟೇ. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದೊಂದು ಫ್ರೇಮಿಗೆ 16.7 ಮಿಲಿಸೆಕೆಂಡ್. ಹತ್ತಾರು ಫ್ರೇಮ್ ಸರಿಯಾದ ಸಮಯಕ್ಕೆ ಬಂದು, ನಡುವೆ ಒಂದೇ ಒಂದು 100 ಮಿಲಿಸೆಕೆಂಡ್ ತಗೊಂಡರೆ ಕಣ್ಣಿಗೆ ಹೊಡೆಯುವುದು ಅದೊಂದೇ. ಸರಾಸರಿಯಲ್ಲಿ ಅದು ಮುಚ್ಚಿಹೋಗುತ್ತದೆ.

ದುರ್ಗಿಗುಡಿಯ ಅಂಗಡಿಯಲ್ಲಿ ಕೇಳಿದೆ. "ನಾಲ್ಕು ಕೋರ್ ಇಟ್ಕೊಂಡು ಇನ್ನೇನ್ ಆಡ್ತೀರಿ? ಪ್ರೊಸೆಸರ್ ಹಾಕ್ಸಿ, ನೀರು ಹರಿದಂಗೆ ಓಡುತ್ತೆ" ಅಂದರು. ಮಾರುವವರು ಇನ್ನೇನು ಹೇಳುತ್ತಾರೆ, ಅಲ್ವಾ? ಆದರೂ ಪುಣ್ಯಕ್ಕೆ ದುಡ್ಡು ಕೊಡುವ ಮೊದಲು ಮನೆಗೆ ಬಂದು ಒಂದು ಪರೀಕ್ಷೆ ಮಾಡಿದೆ.

ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿ, ಜೊತೆಗೆ ಬರುವ ರಿವಾಟ್ಯೂನರ್‌ನಲ್ಲಿ ಆಟದ ಮೇಲೆಯೇ ಅಂಕಿ ಕಾಣುವ ಹಾಗೆ ಮಾಡಿಕೊಂಡೆ. ಎಫ್‌ಪಿಎಸ್ ಬಿಟ್ಟು ಫ್ರೇಮ್ ಟೈಮ್ ಗ್ರಾಫ್ ಆನ್ ಮಾಡಿದೆ. ಸಿಟಿ ಒಳಗೆ ಹೋದಾಗ ಆ ಗೆರೆ ಗರಗಸದ ಹಲ್ಲಿನ ಹಾಗಾಯಿತು. ನಾಲ್ಕೂ ಥ್ರೆಡ್ ನೂರರ ಹತ್ತಿರ. ಕಾರ್ಡ್ ಮಾತ್ರ 60 ಪರ್ಸೆಂಟ್ ಕೆಲಸ ಮಾಡುತ್ತಾ ಆರಾಮಾಗಿ ಕೂತಿತ್ತು. ಇನ್ನೂ ಒಂದು ಸಂಶಯ ಬೇಡ ಅಂತ ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿದೆ. ಕಾರ್ಡಿನ ಭಾರ ಕಡಿಮೆಯಾದರೂ ಎಫ್‌ಪಿಎಸ್ ಕದಲಲಿಲ್ಲ. ಅಂದಮೇಲೆ ಕಾರ್ಡನ್ನು ಕಾಯಿಸುತ್ತಿರುವುದು ಪ್ರೊಸೆಸರೇ.

ತಂದಿದ್ದು ರೈಜನ್ 5 5600. ಆರು ಕೋರ್, ಹನ್ನೆರಡು ಥ್ರೆಡ್, ಒಳಗೇ ಇರುವ ವೇಗದ ಮೆಮೊರಿ, ಅಂದರೆ ಎಲ್3 ಕ್ಯಾಶ್, 32 ಎಂಬಿ. ಪ್ರೊಸೆಸರ್ ಕೂರುವ ಜಾಗ ಅದೇ ಎಎಂ4 ಸಾಕೆಟ್, ಹಾಗಾಗಿ ಬೋರ್ಡ್ ಬದಲಿಸುವ ಖರ್ಚಿಲ್ಲ. ಒಂದೇ ಷರತ್ತು: ಹಳೆಯ ಬೋರ್ಡಿಗೆ ಹೊಸ ಬಯೋಸ್, ಅಂದರೆ ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್, ಹಾಕಬೇಕು. ಅದನ್ನು ಹಳೆ ಪ್ರೊಸೆಸರ್ ಇರುವಾಗಲೇ ಮಾಡಬೇಕು. ಹೊಸದನ್ನು ಕೂರಿಸಿದ ಮೇಲೆ ನೆನಪಾದರೆ ಪರದೆಯೇ ಬರಲ್ಲ.

ಪುನರ್ವಸು ಮಳೆ ಹಿಡಿದ ವಾರ. ಬಯೋಸ್ ಬರೆಯುವಾಗ ನಡುವೆ ಕರೆಂಟ್ ಹೋದರೆ ಬೋರ್ಡಿನ ಕಥೆ ಮುಗಿಯಬಹುದು. ನಮ್ಮೂರಲ್ಲಿ ಆ ವಾರ ಕರೆಂಟ್ ಇದ್ದಿದ್ದೇ ಸುದ್ದಿ. ಮನೆಯಲ್ಲಿ ಇನ್ವರ್ಟರ್ ಇದೆ, ಆದರೆ ಅದು ಬದಲಾಗುವಾಗ ಒಂದು ಸಲ ಮಿಣುಕುತ್ತದೆ. ಬಲ್ಬಿಗೆ ಅದು ಲೆಕ್ಕಕ್ಕಿಲ್ಲ, ಕಂಪ್ಯೂಟರ್ ರೀಸ್ಟಾರ್ಟ್ ಆಗಲು ಅಷ್ಟು ಸಾಕು. ಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಗೆಳೆಯನ ಯುಪಿಎಸ್ ಅನ್ನು ಭಾನುವಾರಕ್ಕೆ ಕಡ ತಂದೆ. ಪೆನ್‌ಡ್ರೈವ್ ಚುಚ್ಚಿ ಶುರು ಮಾಡಿದೆ. ನಲವತ್ತು ಪರ್ಸೆಂಟ್ ಆಗಿರಬೇಕು, ಕರೆಂಟ್ ಹೋಯಿತು. ಯುಪಿಎಸ್ ಕುಂಯ್ ಕುಂಯ್ ಅನ್ನತೊಡಗಿತು. ಒಳಗಿಂದ ಅಮ್ಮ, "ಎಂಥದೋ ಅದು ಕೂಗೋದು?" ಅಂತ. ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ. ನೂರು ಮುಟ್ಟಿದ ಮೇಲೆ ಹೇಳಿದೆ.

ಪ್ರೊಸೆಸರನ್ನು ತಂಪಾಗಿಡುವ ಕೂಲರ್ ತೆಗೆಯುವುದು ಇನ್ನೊಂದು ಕಸರತ್ತು. ಈ ಪ್ರೊಸೆಸರ್‌ಗಳ ಪಿನ್ನು ಅಡಿಯಲ್ಲೇ ಇರುತ್ತವೆ. ಬಿಸಿ ಸಾಗಿಸಲು ನಡುವೆ ಹಚ್ಚಿದ ಪೇಸ್ಟ್ ಒಣಗಿ ಅಂಟಿಕೊಂಡಿದ್ದರೆ, ಕೂಲರ್ ಎತ್ತಿದಾಗ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಜೊತೆಗೇ ಬಂದುಬಿಡುತ್ತದೆ, ಪಿನ್ನು ಬಗ್ಗುತ್ತದೆ. ಅದಕ್ಕೇ ಹತ್ತು ನಿಮಿಷ ಆಟ ಓಡಿಸಿ ಬಿಸಿ ಮಾಡಿ, ಪೂರ್ತಿ ಆಫ್ ಮಾಡಿ, ಸ್ಕ್ರೂ ಬಿಚ್ಚಿ, ಮೇಲೆ ಎಳೆಯದೆ ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿದೆ. ಅಂಟು ಬಿಡಿಸಿಕೊಂಡು ಬಂತು. ಕೂಲರಿನ ಸಂದುಗಳಲ್ಲಿ ಕಂಬಳಿ ನೇಯ್ದ ಹಾಗೆ ದೂಳು. ಮುಟ್ಟಿದರೆ ನಾರು ನಾರು. ಅಂಗಳದಲ್ಲಿ ಗೋಟಡಿಕೆ ಸುಲಿದ ಸಿಪ್ಪೆಯ ದೂಳದು, ವರ್ಷ ವರ್ಷ ಕಿಟಕಿಯಿಂದ ಬಂದು ಕೂತಿದೆ. ಹಳೆ ಪ್ರೊಸೆಸರ್ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತಿತ್ತೋ ಏನೋ, ನಾನು ಟೆಂಪರೇಚರ್ ನೋಡಿಯೇ ಇರಲಿಲ್ಲ. ಅದು ನನ್ನ ತಪ್ಪು.

ಹೊಸದು ಕೂತಿತು. ಆನ್ ಮಾಡಿದರೆ, ಗುಪ್ತ ಕೀಗಳನ್ನು ಕಾಯ್ದಿಡುವ ಎಫ್‌ಟಿಪಿಎಂ ರೀಸೆಟ್ ಮಾಡಲೋ ಬೇಡವೋ ಅಂತ ಕೇಳಿತು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿಕೊಂಡವರು ರಿಕವರಿ ಕೀ ಬರೆದಿಟ್ಟುಕೊಂಡೇ ಅಲ್ಲಿ ಹೂಂ ಅನ್ನಬೇಕು. ನನ್ನದರಲ್ಲಿ ಇರಲಿಲ್ಲ.

ಸಿಟಿ ಒಳಗೆ ಹೋದೆ. ಗರಗಸ ಹೋಗಿ ಗೆರೆ ಮಟ್ಟವಾಗಿತ್ತು. ಕಾರ್ಡ್ 95ರ ಮೇಲೆ ದುಡಿಯುತ್ತಿತ್ತು. ಸರಾಸರಿ 70ರಿಂದ 84ಕ್ಕೆ ಏರಿತು, ಅದೇನು ದೊಡ್ಡದಲ್ಲ. ಆದರೆ ತೀರಾ ಕೆಟ್ಟ ಫ್ರೇಮ್‌ಗಳನ್ನು ಲೆಕ್ಕ ಹಾಕುವ ಒನ್ ಪರ್ಸೆಂಟ್ ಲೋ 27ರಿಂದ 58ಕ್ಕೆ ಬಂತು. ಆಡುವಾಗ ಗೊತ್ತಾಗುವುದು ಇದೇ.

ಖುಷಿ ಎರಡು ದಿನ. ಆಮೇಲೆ ಕಂಡಿದ್ದು ಬೇರೆ ಥರದ್ದು. ಜೋರಾಗಿ ಗಾಡಿ ಓಡಿಸುವಾಗ ಅರ್ಧ ಸೆಕೆಂಡ್ ಚಿತ್ರ ಪೂರ್ತಿ ನಿಲ್ಲುತ್ತಿತ್ತು. ಮೊದಲೂ ಇದ್ದಿರಬೇಕು, ಆ ಜರ್ಕ್‌ಗಳ ಗಲಾಟೆಯಲ್ಲಿ ಕಾಣಿಸಿರಲಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ ಅರ್ಧಕ್ಕರ್ಧ ಖಾಲಿ, ಡಿಸ್ಕ್ ನೂರಕ್ಕೆ ನೂರು, ರ‍್ಯಾಮ್ ತುಂಬಿ ತುಳುಕುತ್ತಿದೆ. ಆಟ ಇದ್ದದ್ದು ಹಳೆ ಹಾರ್ಡ್‌ಡಿಸ್ಕ್‌ನಲ್ಲಿ. ರ‍್ಯಾಮ್‌ನಲ್ಲಿ ಜಾಗ ಸಾಲದೆ ವಿಂಡೋಸ್ ಡಿಸ್ಕಿಗೆ ಎತ್ತಿಡುವುದು, ಮತ್ತೆ ತರುವುದು. ಮೇಲಿಂದ 3200ರ ರ‍್ಯಾಮ್ 2400ರಲ್ಲಿ ಓಡುತ್ತಿತ್ತು, ಬಯೋಸ್‌ನಲ್ಲಿ ಅದನ್ನು ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಇರಲಿಲ್ಲ. ಇನ್ನೊಂದು 8 ಜಿಬಿ ತಂದು, ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ ಎರಡೂ ಒಟ್ಟಿಗೆ ದುಡಿಯುವ ಡ್ಯುಯಲ್ ಚಾನೆಲ್ ಮಾಡಿದೆ. ಎಕ್ಸ್‌ಎಂಪಿ ಆನ್ ಮಾಡಿ, ಆಟವನ್ನು ಹಾರ್ಡ್‌ಡಿಸ್ಕ್‌ಗಿಂತ ವೇಗದ ಎಸ್‌ಎಸ್‌ಡಿಗೆ ಸಾಗಿಸಿದೆ. ನಿಲ್ಲುವುದು ನಿಂತಿತು.

ಈಗ ತಲೆಯೊಳಗೆ ಹುಳ ಬಿತ್ತು. ಇದನ್ನೇ ಮೊದಲು ಮಾಡಿದ್ದರೆ ಹತ್ತು ಸಾವಿರ ಉಳಿಯುತ್ತಿತ್ತಾ? ಮಳೆಗೆ ಹೊರಗೆ ಹೋಗುವ ಹಾಗಿರಲಿಲ್ಲ, ಕೂತು ಹಳೆ ಪ್ರೊಸೆಸರನ್ನೇ ವಾಪಸ್ ಹಾಕಿದೆ. ಪೇಸ್ಟ್ ದಂಡ, ಗೊತ್ತು. ಅರ್ಧ ಸೆಕೆಂಡಿನ ನಿಲುಗಡೆ ಬರಲಿಲ್ಲ. ಆದರೆ ಸಿಟಿಯ ಗರಗಸ ಹಾಗೇ ಇತ್ತು. ದೂಳು ತೆಗೆದು, ರ‍್ಯಾಮ್ ಹೆಚ್ಚಿಸಿದ್ದಕ್ಕೆ ಲೋ 27 ಇದ್ದದ್ದು 35 ಆಗಿತ್ತು, ಅಷ್ಟೇ. ಸಮಾಧಾನವಾಗಿ ಹೊಸದನ್ನು ಮತ್ತೆ ಕೂರಿಸಿದೆ.

ಮೂರನೆಯ ಥರದ್ದು ಇನ್ನೂ ಹೋಗಿಲ್ಲ. ಹೊಸ ಆಟದಲ್ಲಿ ಮೊದಲ ಸಲ ಬಾಂಬ್ ಸಿಡಿದಾಗ ಒಂದು ಜರ್ಕ್, ಎರಡನೇ ಸಲ ಏನಿಲ್ಲ. ಬೆಳಕು, ಬಣ್ಣ ಹೇಗೆ ಬಿಡಿಸಬೇಕು ಅಂತ ಕಾರ್ಡಿಗೆ ಹೇಳುವ ಚಿಕ್ಕ ಪ್ರೋಗ್ರಾಂ ಶೇಡರ್. ಅದನ್ನು ಕಾರ್ಡಿಗೆ ಅರ್ಥವಾಗುವ ಹಾಗೆ ಆಗಲೇ ಸಿದ್ಧ (ಕಂಪೈಲ್) ಮಾಡುವುದರಿಂದ ಹೀಗೆ. ಕಾವಲಿಗೆ ಮೊದಲ ದೋಸೆ ಅಂಟುವ ಹಾಗೆ, ಆಮೇಲಿನವು ಸಲೀಸಾಗಿ ಏಳುತ್ತವೆ. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿದರೆ ಕಾವಲಿ ತೊಳೆದ ಹಾಗೆ, ಮತ್ತೆ ಮೊದಲಿಂದ. ಹೊಸ ಪ್ರೊಸೆಸರ್‌ನಿಂದ ಆ ಜರ್ಕ್ ಚಿಕ್ಕದಾಗಿದೆ, ಇಲ್ಲವಾಗಿಲ್ಲ. ಕೆಲವು ಆಟಗಳು ಶುರುವಿನಲ್ಲೇ ಶೇಡರ್ ಎಲ್ಲ ಸಿದ್ಧ ಮಾಡಿಕೊಳ್ಳುತ್ತವೆ. ಅದನ್ನು ಸ್ಕಿಪ್ ಮಾಡದೆ ಕಾಫಿ ಕುಡಿದು ಬರುತ್ತೇನೆ.

ಮೊನ್ನೆ ಸಾಗರದಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಣ್ಣಯ್ಯ, ನಿಂದು ಯಾವ ಪ್ರೊಸೆಸರ್? ನಂದೂ ಲ್ಯಾಗ್ ಹೊಡೀತಿದೆ, ಅದನ್ನೇ ಹಾಕ್ಸ್ತೀನಿ."

"ತಡಿ ಮಾರಾಯ, ಮೊದ್ಲು ಗ್ರಾಫ್ ಆನ್ ಮಾಡಿ ಫೋಟೋ ಕಳ್ಸು."

ಫೋಟೋ ಬಂತು. ಪ್ರೊಸೆಸರ್ 45 ಪರ್ಸೆಂಟ್. ಕಾರ್ಡ್, ಜಿಟಿಎಕ್ಸ್ 1050 ಟಿಐ, 99. ಅದರ 4 ಜಿಬಿ ಮೆಮೊರಿ ಪೂರ್ತಿ ಭರ್ತಿ. ವಸ್ತುಗಳ ಮೈಮೇಲೆ ಅಂಟಿಸುವ ಚಿತ್ರ, ಅಂದರೆ ಟೆಕ್ಸ್‌ಚರ್, ಎರಡು ಹಂತ ಇಳಿಸು, ನೆರಳು ಲೋ ಮಾಡು, ಎಫ್‌ಪಿಎಸ್ 60ಕ್ಕೆ ಕಟ್ಟು ಅಂದೆ. ಹತ್ತು ನಿಮಿಷ ಬಿಟ್ಟು ಮತ್ತೆ ಫೋಟೋ. ಗೆರೆ ಮಟ್ಟ. ಕೆಳಗೆ ಒಂದೇ ಸಾಲು: "ಅಪ್ಪಂಗೆ ಹೇಳ್ಬೇಡ, ದುಡ್ಡು ಆಗ್ಲೇ ಇಸ್ಕೊಂಡಿದ್ದೀನಿ."