ಶು ಜಿಮೊ ಅವರ ಕವಿತೆಗಳನ್ನು ಓದುವ ಕ್ರಮ: ಚೀನೀ ಭಾಷೆ ಬಾರದವರಿಗಾಗಿ

ಆಧುನಿಕ ಚೀನೀ ಕವಿ ಶು ಜಿಮೊ ಅವರನ್ನು ಓದಬೇಕೆಂದು ಹೊರಟವರಿಗೆ ಮೊದಲು ಎದುರಾಗುವುದು ಕವಿತೆಯಲ್ಲ, ಅವರ ಬದುಕಿನ ಕಥೆ. ಎರಡು ಮದುವೆ, ಕೈಗೂಡದ ಒಂದು ಪ್ರೇಮ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ವಿಮಾನ ಅಪಘಾತದಲ್ಲಿ ಸಾವು: ಈ ಕಥೆಗೆ ಎಷ್ಟು ಸೆಳೆತವಿದೆಯೆಂದರೆ, ಅದರಲ್ಲಿ ತೊಡಗಿದವರು ಕವಿತೆಯ ಪ್ರತಿಯೊಂದು ಸಾಲಿನಲ್ಲಿಯೂ ಯಾವುದೋ ಒಬ್ಬ ಹೆಣ್ಣಿನ ಗುರುತನ್ನೇ ಹುಡುಕತೊಡಗುತ್ತಾರೆ. ಆದ್ದರಿಂದ ಬದುಕನ್ನು ಸದ್ಯಕ್ಕೆ ಬದಿಗಿಟ್ಟು, ಒಂದೇ ಒಂದು ಕವಿತೆಯನ್ನು ಕಿವಿಯಿಂದ ಓದುವುದರೊಂದಿಗೆ ಆರಂಭಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹುಡುಕಾಟಕ್ಕೆ ಮುನ್ನ ಹೆಸರಿನ ವಿಷಯ ತಿಳಿದಿರಲಿ. ‘ಶು’ ಮನೆತನದ ಹೆಸರು, ‘ಜಿಮೊ’ ವ್ಯಕ್ತಿಯ ಹೆಸರು; ಹಳೆಯ ಇಂಗ್ಲಿಷ್ ಗ್ರಂಥಗಳಲ್ಲಿ ಇದೇ ಹೆಸರು ‘ಹ್ಸು ಚಿ-ಮೊ’ ಎಂಬಂತೆ ಕಾಣಿಸುವುದರಿಂದ ಗ್ರಂಥಾಲಯದ ಪಟ್ಟಿಗಳಲ್ಲಿ ಎರಡೂ ರೂಪಗಳನ್ನು ನೋಡಬೇಕಾಗುತ್ತದೆ.

ಆರಂಭಕ್ಕೆ ಆರಿಸಿಕೊಳ್ಳಬೇಕಾದದ್ದು ‘ಮತ್ತೊಮ್ಮೆ ಕೇಂಬ್ರಿಜ್‌ಗೆ ವಿದಾಯ’ ಎಂಬ ಕವಿತೆ. ನಾಲ್ಕು ನಾಲ್ಕು ಸಾಲಿನ ಏಳು ಪದ್ಯಗಳ ಈ ಪುಟ್ಟ ರಚನೆ ಚೀನೀ ಓದುಗರಲ್ಲಿ ಅನೇಕರಿಗೆ ಬಾಯಿಪಾಠವಾಗಿದೆ. ಅದರ ವಾಚನದ ಧ್ವನಿಮುದ್ರಿಕೆಯೊಂದನ್ನು ಹುಡುಕಿ, ಅರ್ಥದ ಗೊಡವೆಗೆ ಹೋಗದೆ ಮೂರು ನಾಲ್ಕು ಸಲ ಕೇಳಿ. ಮೊದಲ ಪದ್ಯದಲ್ಲಿ ‘ಛಿಂಗ್‌ಛಿಂಗ್’ ಎಂಬ ಜೋಡಿಪದ ಮೂರು ಸಲ ಬರುವುದೂ, ಎರಡನೆಯ ಸಾಲಿನ ಕೊನೆಯ ‘ಲಾಯ್’ಗೆ ನಾಲ್ಕನೆಯ ಸಾಲಿನ ಕೊನೆಯ ‘ತ್ಸಾಯ್’ ಪ್ರಾಸವಾಗಿ ಕೂಡುವುದೂ ಭಾಷೆ ಬಾರದ ಕಿವಿಗೂ ಕೇಳಿಸುತ್ತವೆ. ‘ಛಿಂಗ್‌ಛಿಂಗ್’ ಎಂದರೆ ಹಗುರವಾಗಿ, ಮೆಲ್ಲಮೆಲ್ಲನೆ. ಕೊನೆಯ ಪದ್ಯದಲ್ಲಿ ಇದೇ ಸ್ಥಾನಕ್ಕೆ ‘ಛ್ಯಾವ್‌ಛ್ಯಾವ್’ ಎಂಬ ಪದ ಬರುತ್ತದೆ. ಅದರ ಅರ್ಥ ಸದ್ದಿಲ್ಲದೆ, ಗುಟ್ಟಾಗಿ. ಹಗುರವಾದ ಹೆಜ್ಜೆಯಿಂದ ಮೌನದ ಕಡೆಗೆ ಸಾಗುವ ಈ ದಾರಿಯೇ ಕವಿತೆಯ ಬೆನ್ನೆಲುಬು.

ಇನ್ನು ಅರ್ಥದ ಕಡೆಗೆ ಬರಬಹುದು. ಅನುವಾದ ಒಂದೇ ಸಾಲದು, ಕನಿಷ್ಠ ಎರಡನ್ನು ಎದುರುಬದುರು ಇಟ್ಟುಕೊಳ್ಳಬೇಕು. ಅವು ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿ ಮೂಲದಲ್ಲಿ ಏನೋ ವಿಶೇಷವಿದೆಯೆಂದು ತಿಳಿಯಬೇಕು. ಉದಾಹರಣೆಗೆ, ಮೊದಲ ಸಾಲಿನಲ್ಲಿ ‘ಮೆಲ್ಲನೆ’ ಎಂಬುದು ‘ನಾನು’ ಎಂಬುದಕ್ಕಿಂತ ಮುಂಚೆ ಬರುತ್ತದೆ, ಮೂರನೆಯ ಸಾಲಿನಲ್ಲಿ ಅದರ ನಂತರ ಬರುತ್ತದೆ. ಇಂಗ್ಲಿಷ್ ಅನುವಾದಗಳು ಈ ಅದಲುಬದಲನ್ನು ಉಳಿಸಿಕೊಳ್ಳಲು ಹೆಣಗುತ್ತವೆ. ಕನ್ನಡದಲ್ಲಿಯಾದರೆ ‘ಮೆಲ್ಲಮೆಲ್ಲನೆ ನಾನು ಹೊರಟೆ’, ‘ನಾನು ಮೆಲ್ಲಮೆಲ್ಲನೆ ಕೈ ಬೀಸುವೆ’ ಎಂದು ಎರಡನ್ನೂ ಅನಾಯಾಸವಾಗಿ ಹೇಳಬಹುದು. ದ್ವಿರುಕ್ತಿ ನಮ್ಮ ಭಾಷೆಗೂ ಸಹಜವಾಗಿರುವುದರಿಂದ, ಕನ್ನಡ ಓದುಗರು ಈ ಕವಿಗೆ ತಾವು ಎಣಿಸಿದ್ದಕ್ಕಿಂತ ಹತ್ತಿರದಲ್ಲಿದ್ದಾರೆ.

ನಡುವಿನ ಪದ್ಯಗಳಲ್ಲಿ ಚಿತ್ರಗಳು ಒಂದರ ಹಿಂದೊಂದು ಬರುತ್ತವೆ: ಸಂಜೆಬಿಸಿಲಿನಲ್ಲಿ ಮದುವಣಗಿತ್ತಿಯಂತೆ ನಿಂತ ನದೀತೀರದ ಹೊನ್ನಿನ ವಿಲೋ ಮರ, ಮೆತ್ತನೆಯ ಕೆಸರಿನಲ್ಲಿ ತೊನೆಯುವ ನೀರುಹುಲ್ಲು, ಪಾಚಿಯ ನಡುವೆ ಪುಡಿಯಾಗಿ ತಳಕ್ಕಿಳಿದ ಕಾಮನಬಿಲ್ಲಿನಂಥ ಕನಸು. ನಾಲ್ಕನೆಯ ಪದ್ಯ ‘ಕನಸು’ ಎಂಬ ಪದದಿಂದ ಮುಗಿದರೆ, ಐದನೆಯದು ‘ಕನಸನ್ನು ಹುಡುಕುವುದೇ?’ ಎಂದು ಆರಂಭವಾಗುತ್ತದೆ. ಐದನೆಯದು ನಕ್ಷತ್ರಗಳ ಬೆಳಕಿನಲ್ಲಿ ‘ಗಟ್ಟಿಯಾಗಿ ಹಾಡುವ’ ಮಾತಿನಿಂದ ಮುಗಿದರೆ, ಆರನೆಯದು ‘ಆದರೆ ನಾನು ಗಟ್ಟಿಯಾಗಿ ಹಾಡಲಾರೆ’ ಎಂದು ಅದನ್ನೇ ಹಿಡಿದುಕೊಳ್ಳುತ್ತದೆ. ನಮ್ಮ ಅಲಂಕಾರಶಾಸ್ತ್ರ ಮುಕ್ತಪದಗ್ರಸ್ತ ಎಂದು ಕರೆಯುವ ಕಟ್ಟನ್ನು ಇದು ನೆನಪಿಸುತ್ತದೆ. ಉತ್ಸಾಹ ಏರಿ ಏರಿ ಹಾಡಾಗಬೇಕಾದ ಗಳಿಗೆಯಲ್ಲಿಯೇ ದನಿ ಅಡಗುವ ಆ ತಿರುವಿನಲ್ಲಿ ಓದುಗರು ಸ್ವಲ್ಪ ಹೊತ್ತು ನಿಲ್ಲಬೇಕು.

ಇಷ್ಟಾದ ಮೇಲೆ ಕಾಲದ ಹಿನ್ನೆಲೆಯನ್ನು ತಿಳಿದುಕೊಳ್ಳಿ. ಹಳಗನ್ನಡದಲ್ಲಿಯೇ ಕಾವ್ಯ ಬರೆಯಬೇಕೆಂಬ ಕಟ್ಟುಪಾಡು ಇಪ್ಪತ್ತನೆಯ ಶತಮಾನದವರೆಗೂ ಉಳಿದಿತ್ತೆಂದು ಊಹಿಸಿಕೊಂಡರೆ ಚೀನಾದ ಪರಿಸ್ಥಿತಿ ಸುಮಾರಾಗಿ ಅರ್ಥವಾಗುತ್ತದೆ. ‘ವೆನ್‌ಯೆನ್’ ಎಂಬ ಪ್ರಾಚೀನ ಗ್ರಾಂಥಿಕ ಭಾಷೆಯನ್ನು ಬಿಟ್ಟು, ‘ಬಾಯ್‌ಹ್ವಾ’ ಎಂಬ ಆಡುನುಡಿಯಲ್ಲಿ ಬರೆಯಬೇಕೆಂದು 1917ರಲ್ಲಿ ಹು ಶಿ ಮೊದಲಾದವರು ವಾದ ಹೂಡಿದರು. ಆಡುನುಡಿಯ ಮೊದಲ ಕವಿತೆಗಳಿಗೆ ಸ್ವಾತಂತ್ರ್ಯ ದಕ್ಕಿತು, ಲಯ ದಕ್ಕಲಿಲ್ಲ. ಆ ಲಯವನ್ನು ಹೊಸದಾಗಿ ಕಟ್ಟಿಕೊಡುವ ಕೆಲಸವನ್ನು ಶು ಜಿಮೊ, ವೆನ್ ಯಿದುವೊ ಮತ್ತು ಅವರ ಗೆಳೆಯರು 1920ರ ದಶಕದಲ್ಲಿ ಕೈಗೆತ್ತಿಕೊಂಡರು. ಅವರ ಬಳಗದ ಹೆಸರು ‘ಬಾಲಚಂದ್ರ’ ಎಂಬ ಅರ್ಥದ ‘ಶಿನ್‌ಯುಎ’. ಆ ಹೆಸರಿಗೆ ಪ್ರೇರಣೆಯಾದದ್ದು ರವೀಂದ್ರನಾಥ ಠಾಕೂರರ ಕವನಸಂಕಲನ.

ಈಗ ಬದುಕಿನ ಕಡೆಗೆ ತಿರುಗಬಹುದು. ಶು ಜಿಮೊ 1897ರಲ್ಲಿ ಝೆಜಿಯಾಂಗ್ ಪ್ರಾಂತ್ಯದ ಹೈನಿಂಗ್‌ಗೆ ಸೇರಿದ ಶಿಯಾಶಿ ಎಂಬ ಪಟ್ಟಣದ ಸಿರಿವಂತ ವರ್ತಕರ ಮನೆಯಲ್ಲಿ ಹುಟ್ಟಿದರು. ಅಮೆರಿಕದಲ್ಲಿ ಓದಿ, 1920ರಲ್ಲಿ ಇಂಗ್ಲೆಂಡಿಗೆ ಹೋಗಿ, ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿದ್ದಾಗ ಅವರು ಕವಿತೆಯ ಕಡೆಗೆ ಹೊರಳಿದರು. 1924ರಲ್ಲಿ ಠಾಕೂರರು ಚೀನಾಕ್ಕೆ ಬಂದಾಗ ದುಭಾಷಿಯಾಗಿ ಅವರ ಜೊತೆಯಲ್ಲಿದ್ದವರು ಶು ಜಿಮೊ. 1928ರಲ್ಲಿ ಮತ್ತೆ ಕೇಂಬ್ರಿಜ್‌ಗೆ ಹೋಗಿ, ಮರಳುವಾಗ ಶಾಂತಿನಿಕೇತನಕ್ಕೂ ಬಂದು ಠಾಕೂರರನ್ನು ಕಂಡರು. ಮೇಲೆ ಹೇಳಿದ ವಿದಾಯದ ಕವಿತೆ ಅದೇ ಪ್ರವಾಸದಿಂದ ಊರಿಗೆ ಮರಳುವಾಗ, ನವೆಂಬರ್ 6ರಂದು, ಚೀನಾದ ಕಡಲಿನ ಮೇಲೆ ಬರೆದದ್ದು. ಕೇಂಬ್ರಿಜ್ ಬಿಟ್ಟ ದಿನವಲ್ಲ, ಇಂಡಿಯಾವನ್ನೂ ದಾಟಿ ಬಂದ ಮೇಲೆ ಬರೆದ ಬೀಳ್ಕೊಡುಗೆ ಎಂಬುದು ತಿಳಿದಾಗ ಅದರ ಮೌನಕ್ಕೆ ಇನ್ನೊಂದು ಆಳ ಕಾಣುತ್ತದೆ.

ಪ್ರೇಮಕಥೆಗಳನ್ನು ಓದುವಾಗ ಎಚ್ಚರವಿರಲಿ, ನ್ಯಾಯಬುದ್ಧಿಯೂ ಇರಲಿ. 1922ರಲ್ಲಿ, ಎರಡನೆಯ ಮಗು ಹುಟ್ಟಿದ ಕೆಲವೇ ದಿನಗಳಲ್ಲಿ, ಬರ್ಲಿನ್‌ನಲ್ಲಿ ವಿಚ್ಛೇದನಕ್ಕೆ ಒಪ್ಪಿಗೆ ಕೊಡಬೇಕಾಗಿ ಬಂದ ಮೊದಲ ಹೆಂಡತಿ ಜಾಂಗ್ ಯೂಯಿ ಮುಂದೆ ಶಾಂಘಾಯಿಯ ಮಹಿಳಾ ಬ್ಯಾಂಕೊಂದನ್ನು ಸಮರ್ಥವಾಗಿ ನಡೆಸಿದರು. ಅವರನ್ನು ಕವಿಯ ಕಥೆಯ ಒಂದು ಅಡ್ಡಿಯೆಂಬಂತೆ ಚಿತ್ರಿಸುವ ಬರಹಗಳನ್ನು ನಂಬಬಾರದು. 1926ರಲ್ಲಿ ಲು ಶ್ಯಾವ್‌ಮಾನ್ ಜೊತೆ ನಡೆದ ಮದುವೆಯಲ್ಲಿ ಗುರು ಲ್ಯಾಂಗ್ ಛಿಚಾವ್ ಅವರೇ ವರನನ್ನು ನೆರೆದವರೆದುರು ಕಟುವಾಗಿ ಎಚ್ಚರಿಸಿದ್ದರು.

ಮುಂದಿನ ಓದಿಗೆ ‘ಆಕಸ್ಮಿಕ’ ಎಂಬ 1926ರ ಕಿರುಗವಿತೆಯನ್ನು ತೆಗೆದುಕೊಳ್ಳಿ: ಆಗಸದ ಒಂದು ಮೋಡ ನೀರಿನ ಎದೆಯ ಮೇಲೆ ಗಳಿಗೆ ಹೊತ್ತು ನೆರಳು ಚೆಲ್ಲಿ ಮರೆಯಾಗುವುದಷ್ಟೇ ಅದರ ವಸ್ತು. ಆಮೇಲೆ, ಇವರು ಬರೀ ಮೋಡ ಮತ್ತು ಒಲವಿನ ಕವಿ ಎಂಬ ಭಾವನೆ ಗಟ್ಟಿಯಾಗುವ ಮುನ್ನ, ಮೊದಲ ಸಂಕಲನದ ‘ಸ್ವಾಮೀ! ಸ್ವಾಮೀ!’ ಕವಿತೆಯನ್ನು ತಪ್ಪದೆ ಓದಬೇಕು. ಚಳಿಗಾಲದ ಬೀದಿಯಲ್ಲಿ ತಾಯಿಗಾಗಿ ಕಾಸು ಬೇಡುತ್ತ ರಿಕ್ಷಾದ ಹಿಂದೆ ಓಡುವ ಬಡ ಹುಡುಗಿಯ ದನಿ ಅದರಲ್ಲಿದೆ. ತಮ್ಮೂರು ಶಿಯಾಶಿಯ ಆಡುಮಾತಿನಲ್ಲಿಯೇ ಬರೆದ ಕವಿತೆಯೂ ಒಂದಿದೆ.

ಅವರು 1931ರ ನವೆಂಬರ್ 19ರಂದು, ಆ ಕೈಗೂಡದ ಪ್ರೇಮದ ಲಿನ್ ಹುಯಿಯಿನ್ ಅವರು ಚೀನೀ ವಾಸ್ತುಶಿಲ್ಪದ ಬಗ್ಗೆ ಕೊಡಲಿದ್ದ ಉಪನ್ಯಾಸವನ್ನು ಕೇಳಲೆಂದು ನಾನ್‌ಜಿಂಗ್‌ನಿಂದ ಹೊರಟಿದ್ದಾಗ, ತಾವಿದ್ದ ಅಂಚೆ ವಿಮಾನ ಜಿನಾನ್ ಬಳಿಯ ಬೆಟ್ಟಕ್ಕೆ ಮಂಜಿನಲ್ಲಿ ಬಡಿದು ತೀರಿಕೊಂಡರು. ಕಿಂಗ್ಸ್ ಕಾಲೇಜಿನ ನದೀತೀರದಲ್ಲಿ 2008ರಲ್ಲಿ ನಿಲ್ಲಿಸಿದ ಬಿಳಿಯ ಕಲ್ಲಿನ ಮೇಲೆ ಅದೇ ವಿದಾಯದ ಕವಿತೆಯ ಮೊದಲ ಎರಡು ಮತ್ತು ಕೊನೆಯ ಎರಡು ಸಾಲುಗಳಿವೆ.

ಕೊನೆಯ ಅಭ್ಯಾಸವಾಗಿ ಆ ಕಲ್ಲಿನ ಕೊನೆಯ ಎರಡು ಸಾಲುಗಳನ್ನು ನೀವೇ ಕನ್ನಡಕ್ಕೆ ತಂದು ನೋಡಿ. ಉದ್ದ ನಿಲುವಂಗಿಯ ತೋಳನ್ನು ಕವಿ ಒಮ್ಮೆ ಹಗುರವಾಗಿ ಅಲುಗಿಸುತ್ತಾರೆ, ಒಂದು ತುಣುಕು ಮೋಡವನ್ನೂ ಒಯ್ಯುವುದಿಲ್ಲ. ‘ಕೊಡವಿ’ ಎಂದರೆ ಸಂಬಂಧವನ್ನೇ ತೊರೆದು ನಡೆದಂತಾಗುತ್ತದೆ. ‘ಬೀಸಿ’ ಎಂದರೆ ಮೊದಲ ಪದ್ಯದ ಕೈಬೀಸುವಿಕೆಯೊಂದಿಗೆ ಬೆರೆತುಹೋಗುತ್ತದೆ, ಮೂಲದಲ್ಲಿಯಾದರೋ ಆ ಎರಡು ಕ್ರಿಯೆಗಳು ಬೇರೆ ಬೇರೆ. ನಾನು ಸದ್ಯಕ್ಕೆ ಹೀಗೆ ಇಟ್ಟುಕೊಂಡಿದ್ದೇನೆ:

ಅಂಗಿಯ ತೋಳ ತುಸುವೇ ಅಲುಗಿಸುವೆ,
ಒಂದೆಳೆ ಮುಗಿಲನೂ ಒಯ್ಯದೆ.