ಮೇಲನ್ನು ಕೆಳಗಿನಿಂದ ಓದುವ ವಕೀಲಿಕೆ

ಅಮೆರಿಕದಲ್ಲಿ ವಕೀಲಿಕೆಯ ಲೈಸೆನ್ಸ್ ಸಿಕ್ಕಾಗ, ಕೋರ್ಟಿನಲ್ಲಿ ವಾದ ಮಾಡುತ್ತೇನೆ ಅಂದುಕೊಂಡಿದ್ದೆ. ಸಿಕ್ಕಿದ್ದು ಡಾಕ್ಯುಮೆಂಟ್ ರಿವ್ಯೂ. ಗಂಟೆ ಲೆಕ್ಕದ ಸಂಬಳ, ಸ್ಕ್ರೀನ್ ತುಂಬಾ ಯಾರದೋ ಆಫೀಸಿನ ಮೇಲ್‌ಗಳು. 2006ರ ಡಿಸೆಂಬರ್‌ನಲ್ಲಿ ಫೆಡರಲ್ ಕೋರ್ಟುಗಳ ಸಿವಿಲ್ ನಿಯಮಗಳಿಗೆ ತಿದ್ದುಪಡಿ ಬಂದು, ಕೇಸಿನಲ್ಲಿ ಎದುರು ಪಾರ್ಟಿ ಕೇಳಿದರೆ ಕೊಡಬೇಕಾದವುಗಳಲ್ಲಿ ಎಲೆಕ್ಟ್ರಾನಿಕ್ ದಾಖಲೆಗಳ ಹೆಸರು ನೇರವಾಗಿಯೇ ಸೇರಿತ್ತು. ಅವನ್ನು ಕೊಡುವ ಮೊದಲು ಯಾರಾದರೂ ನೋಡಬೇಕಲ್ವಾ? ಆ ಕೆಲಸ ನಮ್ಮದು.

ಪ್ರತಿ ಮೇಲ್‌ಗೂ ಮುಖ್ಯವಾಗಿ ಎರಡೇ ಪ್ರಶ್ನೆ. ಕೇಸಿಗೆ ಸಂಬಂಧ ಇದೆಯಾ? ವಕೀಲರ ಸಲಹೆ ಇರುವ, ಎದುರು ಪಾರ್ಟಿಗೆ ಕೊಡಬೇಕಿಲ್ಲದ ಗುಟ್ಟಿನ ಮಾತಾ, ಅಂದರೆ ಪ್ರಿವಿಲೇಜ್ಡಾ? ಕೇಳಲು ಸುಲಭ.

ಒಮ್ಮೆ ಇಬ್ಬರು ಮ್ಯಾನೇಜರ್‌ಗಳ ಮೇಲ್ ಬಂತು. ಮೇಲೆ ಒಂದೇ ಸಾಲು: "ಸರಿ, ಹಾಗೇ ಮಾಡೋಣ." ವಕೀಲರ ಹೆಸರೇ ಕಾಣಲಿಲ್ಲ. ಕೊಡಬಹುದು ಎಂದು ಗುರುತು ಹಾಕಿ ಮುಂದೆ ಹೋದೆ. ವಾರದ ನಂತರ ಟೀಮ್ ಲೀಡ್ ಕೇಳಿದರು, "ಇದರ ಕೆಳಗೆ ಓದಿದ್ರಾ?" ನಾಲ್ಕು ಮೇಲ್ ಕೆಳಗೆ, ಕಂಪನಿ ವಕೀಲರ ಸಲಹೆ ಪೂರ್ತಿ ಕೂತಿತ್ತು. ಅಷ್ಟರಲ್ಲಿ ಅದು ಎದುರು ಪಾರ್ಟಿಯ ಕೈ ಸೇರಿಯಾಗಿತ್ತು. ಅದೃಷ್ಟಕ್ಕೆ, ಕೇಸಿನಲ್ಲಿ ಹೀಗೆ ದಾಖಲೆ ಕೈ ಸೇರಿದ ಮಾತ್ರಕ್ಕೆ ಪ್ರಿವಿಲೇಜ್ ಹೋಗದು ಎನ್ನುವ 502(ಡಿ) ನಿಯಮದ ಆದೇಶವನ್ನು ಕೋರ್ಟ್ ಮೊದಲೇ ಕೊಟ್ಟಿತ್ತು. ಹಾಗಾಗಿ ಪ್ರಿವಿಲೇಜ್ ಹೋಗಲಿಲ್ಲ, ಮೇಲ್ ವಾಪಸ್ ಬಂತು. ನನ್ನ ಮುಖ ಮಾತ್ರ ಇಷ್ಟಾಗಿತ್ತು.

ಅಂದಿನಿಂದ ಥ್ರೆಡ್‌ಗಳನ್ನು ಕೆಳಗಿನಿಂದಲೇ ಓದುತ್ತೇನೆ. ಉಲ್ಟಾ ತಪ್ಪೂ ಇದೆ. ವಕೀಲರಿಗೆ ಸುಮ್ನೆ ಸಿಸಿ ಹಾಕಿದ ಮಾತ್ರಕ್ಕೆ ಮೇಲ್ ಪ್ರಿವಿಲೇಜ್ಡ್ ಆಗುವುದಿಲ್ಲ. ಹೊಸಬರು ಇಲ್ಲೇ ಜಾಸ್ತಿ ಎಡವುತ್ತಾರೆ.

2012ರಲ್ಲಿ ನ್ಯೂಯಾರ್ಕಿನ ಜಡ್ಜ್ ಆಂಡ್ರೂ ಪೆಕ್, ಡಾ ಸಿಲ್ವಾ ಮೂರ್ ಕೇಸಿನಲ್ಲಿ ಕಂಪ್ಯೂಟರ್ ನೆರವಿನ ರಿವ್ಯೂಗೆ ಒಪ್ಪಿಗೆ ಕೊಟ್ಟರು. ಇನ್ನು ನಮ್ಮ ಅನ್ನಕ್ಕೆ ಕಲ್ಲು ಬಿತ್ತು ಎಂದು ನಾವೆಲ್ಲ ಮಾತಾಡಿಕೊಂಡೆವು. ಓದುವ ರಾಶಿ ಕಡಿಮೆಯಾಯಿತು, ನಿಜ. ಆದರೆ ಸಾಫ್ಟ್‌ವೇರ್‌ಗೆ ಕಲಿಸುವುದು, ಅದು ಬೇಡ ಎಂದು ಪಕ್ಕಕ್ಕಿಟ್ಟಿದ್ದರಲ್ಲಿ ಒಂದಿಷ್ಟನ್ನು ಎತ್ತಿ ಪರೀಕ್ಷಿಸುವುದು ನನ್ನ ಪಾಲಿಗೆ ಬಂತು. ನನಗೆ ಈ ಕೆಲಸವೇ ಹೆಚ್ಚು ಇಷ್ಟ.

ಹಾಗೆ ಎತ್ತಿದ ಒಂದು ಮೇಲ್‌ನಲ್ಲಿ "ಪಾಪು ಇವತ್ತೂ ಬಿಸಿಯಾಗಿದೆ" ಎಂಬ ಅರ್ಥದ ಮಾತಿತ್ತು. ಯಾರದೋ ಮನೆಯ ಮಗುವಿಗೆ ಜ್ವರ ಅಂದುಕೊಂಡೆ. ಕಳಿಸಿದವನು ಇಂಜಿನಿಯರ್, ಜೊತೆಗೆ ಟೆಂಪರೇಚರ್ ಚಾರ್ಟ್ ಬೇರೆ. ಕೇಸಿನಲ್ಲಿದ್ದ ಯಂತ್ರಕ್ಕೇ ಅವರು ಪಾಪು ಎಂದು ಹೆಸರಿಟ್ಟಿದ್ದರು! ನಮ್ಮ ಕೀವರ್ಡ್ ಪಟ್ಟಿಯಲ್ಲಿ ಆ ಪದವೇ ಇರಲಿಲ್ಲ. ಸೇರಿಸಿ ಮತ್ತೆ ಹುಡುಕಿಸಿದೆವು. ಬಂದ ರಾಶಿ ಓದಿ ಮುಗಿಸಲು ಇನ್ನೂ ಎರಡು ದಿನ ಬೇಕಾಯಿತು.